ರೋಡಿನಿಂದಲೇ ಅಳೆದ ಊರು

ಎಂಟು ವರ್ಷ ನಾನು ಮಾಡಿದ ಕೆಲಸಕ್ಕೆ ನಮ್ಮ ಕಡೆ ಒಂದು ಹೆಸರಿರಲಿಲ್ಲ. ಕೊಳ್ಳೇಗಾಲದಲ್ಲಿ ಬಾಡಿಗೆಗೆ ಮನೆ ಕೇಳಲು ಹೋದಾಗ ಮೊಬೈಲ್ ಕಂಪನಿ ಕೆಲಸ ಅಂದೆ. ಮನೆ ಓನರಮ್ಮ ತಮ್ಮ ಫೋನು ತಂದು ಕರೆನ್ಸಿ ಹಾಕಿಕೊಡಲು ಹೇಳಿದರು. ಹಳ್ಳಿಗಳಲ್ಲಿ ಕಾರು ನಿಲ್ಲಿಸಿದರೆ ರಸ್ತೆ ಅಗಲ ಮಾಡುವ ಸರ್ವೆಯವರು ಬಂದರು ಅಂತ ಜನ ಸೇರುತ್ತಿದ್ದರು. ಟವರ್ ಸಿಗುತ್ತದೋ ಇಲ್ಲವೋ ನೋಡುವುದು ನನ್ನ ಕೆಲಸ ಅಂದರೆ ನಂಬುತ್ತಿರಲಿಲ್ಲ. ಅದಕ್ಕೆ ಕಾರು ಯಾಕೆ ಬೇಕು, ನಮ್ಮನ್ನು ಕೇಳಿದ್ದರೆ ನಾವೇ ಹೇಳುತ್ತಿದ್ದೆವಲ್ಲ ಅನ್ನುತ್ತಿದ್ದರು. ಅವರು ಹೇಳಿದ್ದು ಸರಿಯಾಗಿತ್ತು.

ದೊಡ್ಡ ಫೋನ್ ಕಂಪನಿಯೊಂದಕ್ಕೆ ಮೈಸೂರಿನ ಒಬ್ಬರು ಕಂಟ್ರಾಕ್ಟರ್ ಈ ಕೆಲಸ ಮಾಡಿಸಿಕೊಡುತ್ತಿದ್ದರು. ನಾನು ಅವರ ಕೆಳಗಿನವನು, ಅವರನ್ನು ಸಾಹೇಬರು ಅನ್ನುತ್ತಿದ್ದೆ. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರಬೇಕು. ಅದಕ್ಕೆ ವೈರಿನಲ್ಲಿ ಸಿಕ್ಕಿಸಿದ ಮೂರು ಫೋನು. ಒಂದು ಬರೀ 2ಜಿ ಹಿಡಿಯುವಂತೆ ಮಾಡಿಟ್ಟದ್ದು, ಇನ್ನೊಂದು 3ಜಿ, ಮತ್ತೊಂದು 4ಜಿ. ಕಾರು ಹೋಗುತ್ತಿದ್ದ ಹಾಗೆ ಅವು ತಾವಾಗಿಯೇ ಕರೆ ಮಾಡಿ, ಕಡಿದು, ಮತ್ತೆ ಮಾಡುತ್ತಿದ್ದವು. ಒಂದೇ ಫೋಟೋವನ್ನು ಮೂರೂ ಕಳಿಸಿ, ಎಷ್ಟು ಹೊತ್ತಾಯಿತು ಅಂತ ಬರೆದುಕೊಳ್ಳುತ್ತಿದ್ದವು. ಪರದೆಯ ಮ್ಯಾಪಿನಲ್ಲಿ ರಸ್ತೆಯ ಉದ್ದಕ್ಕೂ ಚುಕ್ಕಿ ಬೀಳುತ್ತಿತ್ತು. ಸಿಗ್ನಲ್ ಚೆನ್ನಾಗಿದ್ದರೆ ಹಸಿರು, ಸುಮಾರಾಗಿದ್ದರೆ ಹಳದಿ, ಕೆಟ್ಟಿದ್ದರೆ ಕೆಂಪು.

ಮೂರನ್ನೂ ಅಕ್ಕಪಕ್ಕ ಇಟ್ಟು ಅಷ್ಟು ವರ್ಷ ನೋಡಿದವನಿಗೆ ಅವುಗಳ ಗುಣ ಗೊತ್ತಾಗಿಬಿಡುತ್ತದೆ. 2ಜಿ ಬಹಳ ದೂರ ಬರುತ್ತದೆ. ಗುಡ್ಡದ ಹಿಂದೆ, ಹಳ್ಳದ ಒಳಗೆ, ಎಲ್ಲಿಯಾದರೂ ಒಂದು ಎಳೆಯಾಗಿ ಬಂದು ಮುಟ್ಟುತ್ತದೆ. ಮಾತಾಡಬಹುದು. ಫೋಟೋ ಕಳಿಸಲು ಹೋದರೆ ಅರ್ಧಕ್ಕೆ ನಿಲ್ಲುತ್ತದೆ. 3ಜಿ ಫೋಟೋ ಹೊರುತ್ತದೆ, ನಿಧಾನವಾಗಿಯಾದರೂ ಕೊಂಡೊಯ್ದು ಮುಟ್ಟಿಸುತ್ತದೆ. ಆದರೆ ಜನ ಜಾಸ್ತಿಯಾದರೆ ಅದರ ಹರವು ಕುಗ್ಗುತ್ತದೆ. ಅಮಾವಾಸ್ಯೆಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವವರು ರಸ್ತೆ ತುಂಬಿದರೆ, ದೂರದ ಊರುಗಳು ಒಂದೊಂದಾಗಿ 3ಜಿಯಿಂದ ಕಳಚಿಕೊಳ್ಳುತ್ತಿದ್ದವು. ಜನ ಕರಗಿದ ಮೇಲೆ ಮತ್ತೆ ಬಂದು ಸೇರುತ್ತಿದ್ದವು. 4ಜಿ ಎಲ್ಲಕ್ಕಿಂತ ವೇಗದ್ದು, ಆದರೆ ಆಂಟೆನಾ ಮುಖ ಮಾಡಿದ ಕಡೆ ಮಾತ್ರ.

ಅಂಥ ದೂರದ ಒಂದು ಊರಿನಲ್ಲಿ ನನ್ನ ಅಕ್ಕ ಇದ್ದಳು. ಈಗಲೂ ಇದ್ದಾಳೆ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ನಾವು ಯಳಂದೂರಿನ ಹತ್ತಿರ ಅಗರದವರು. ಮನೆ ಮುಂದೆಯೇ ನೀರು ಹರಿಯುವ ಗದ್ದೆ ಬಯಲಿನಲ್ಲಿ ಬೆಳೆದವಳನ್ನು ಹನೂರು, ಕೌದಳ್ಳಿ ದಾಟಿದ ಮೇಲಿನ ಕಲ್ಲುನೆಲದ ಊರಿಗೆ ಕೊಟ್ಟರು. ಬೆಟ್ಟದ ಮುಖ್ಯರಸ್ತೆಯಿಂದ ಒಳಕ್ಕೆ ಏಳು ಕಿಲೋಮೀಟರ್. ನಡುವೆ ಸೇತುವೆಯಿಲ್ಲದ ಒಂದು ಹಳ್ಳ. ದಿನಕ್ಕೆ ಎರಡು ಬಸ್ಸು. ಅಕ್ಕನ ಮೊದಲ ಹೆರಿಗೆಯ ಕಾಲಕ್ಕೆ ಅಲ್ಲಿ ಫೋನೆಂಬುದೇ ಇರಲಿಲ್ಲ. ತಿಂಗಳುಗಟ್ಟಲೆ ಕಾಲು ಊದಿತ್ತು, ತಲೆ ಸಿಡಿಯುತ್ತಿತ್ತು, ಬಸುರಿಯರಿಗೆ ಅದೆಲ್ಲ ಇದ್ದದ್ದೇ ಅಂತ ಅತ್ತೆ ಅಂದಿದ್ದರು. ಗಾಡಿಯಲ್ಲಿ ಹನೂರಿಗೆ ಮುಟ್ಟಿಸುವಷ್ಟರಲ್ಲಿ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ರಕ್ತದ ಒತ್ತಡ ನೋಡಿದ್ದರೆ ಮೊದಲೇ ಗೊತ್ತಾಗುತ್ತಿತ್ತು ಅಂತ ಡಾಕ್ಟರು ಹೇಳಿದರಂತೆ. ಆಮೇಲೆ ಅವಳಿಗೆ ಒಬ್ಬಳು ಮಗಳು ಹುಟ್ಟಿದಳು. ಆದರೆ ಆ ಮಾತನ್ನು ಅಕ್ಕ ಮರೆಯಲಿಲ್ಲ.

ಅವಳಿಗೆ ನಲವತ್ತು ದಾಟಿದ ಮೇಲೆ ಮೈಸೂರಿನ ಒಂದು ಸಂಸ್ಥೆಯವರು ಆ ಭಾಗದ ಊರುಗಳಿಗೆ ಬಂದರು. ಊರಿಗೊಬ್ಬ ಹೆಂಗಸನ್ನು ಆರಿಸಿ, ಬಸುರಿಯರ ತೂಕ, ಬಿಪಿ ನೋಡುವುದನ್ನು ಕಲಿಸಿ, ಒಂದು ಫೋನು ಕೊಡುತ್ತಿದ್ದರು. ನೋಡಿದ್ದನ್ನು ಫೋನಿನ ಫಾರಂನಲ್ಲಿ ತುಂಬಿ, ಕಾಲಿನ, ಕಣ್ಣಿನ ಫೋಟೋ ಸೇರಿಸಿ ಕಳಿಸಿದರೆ ಮೈಸೂರಿನಲ್ಲಿ ಡಾಕ್ಟರು ನೋಡಿ ಉತ್ತರ ಕೊಡುತ್ತಿದ್ದರು. ಅಕ್ಕ ಏಳನೇ ಕ್ಲಾಸು ಓದಿದ್ದಳು. ಕೇಳುವ ಮೊದಲೇ ನಾನು ಮಾಡುತ್ತೇನೆ ಅಂದಳಂತೆ. ಭಾವ ಬೇಡ ಅಂದದ್ದಕ್ಕೆ ಎರಡು ದಿನ ಅವರೊಡನೆ ಮಾತು ಬಿಟ್ಟಳಂತೆ.

ಊರಿನಲ್ಲಿ 3ಜಿ ಎಲ್ಲಿ ಸಿಗುತ್ತದೆ ಅಂತ ಅವಳು ಒಂದೇ ವಾರದಲ್ಲಿ ಕಂಡುಕೊಂಡಳು. ಮನೆ ಹಿಂದಿನ ಹುಲ್ಲಿನ ಮೆದೆಯ ಪಕ್ಕ, ಬೆಳಗ್ಗೆ ಹನ್ನೊಂದರ ಒಳಗೆ. ಫೋನಿನ ಮೂಲೆಯಲ್ಲಿ 2ಜಿಯ ‘ಇ’ ಇದ್ದದ್ದು 3ಜಿಯ ‘ಎಚ್’ ಆಗುವ ತನಕ ಕಾದು, ಆದ ಕೂಡಲೇ ಕಳಿಸುವಳು. ನನ್ನ ಲ್ಯಾಪ್‌ಟಾಪಿನಲ್ಲಿ ಆ ಜಾಗ ಹಳದಿ ಚುಕ್ಕಿ. ಜನಜಂಗುಳಿಗೆ 3ಜಿ ಕುಗ್ಗುವ ಸಂಗತಿಯನ್ನು ನಾನು ವಿವರಿಸಲು ಹೋದರೆ, ಅದು ತನಗೆ ಆಗಲೇ ಗೊತ್ತು ಅಂದಳು. ಅಮಾವಾಸ್ಯೆಯ ಹಿಂದುಮುಂದಿನ ಮೂರು ದಿನ ಏನೂ ಹೋಗುವುದಿಲ್ಲವಾದ್ದರಿಂದ ಕ್ಯಾಲೆಂಡರ್ ನೋಡಿಯೇ ಬಸುರಿಯರನ್ನು ನೋಡುವ ದಿನ ಗೊತ್ತು ಮಾಡುತ್ತಿದ್ದಳು.

“ನಿನ್ ಮೂರ್ ಜಿನೂ ಅಮಾಸೆಗೆ ಬೆಟ್ಟಕ್ ಓಯ್ತದೆ ಕಣ್ಲಾ,” ಅಂದು ನಕ್ಕಳು.

ಎರಡನೆಯ ಮಳೆಗಾಲದಲ್ಲಿ ಒಬ್ಬಳು ಎಂಟು ತಿಂಗಳ ಬಸುರಿಗೆ ತಲೆನೋವು, ಕಣ್ಣು ಮಂಜು. ಅಕ್ಕ ಬಿಪಿ ನೋಡಿ, ಊದಿದ ಪಾದದ ಫೋಟೋ ತೆಗೆದು ಕಳಿಸಿದಳು. ಅರ್ಧ ಗಂಟೆಯೊಳಗೆ ಮೈಸೂರಿನಿಂದ ಕರೆ ಬಂತು, ಈಗಲೇ ಹೊರಡಿಸಿ, ಹನೂರಿನಲ್ಲಿ ನಿಲ್ಲಬೇಡಿ, ಕೊಳ್ಳೇಗಾಲಕ್ಕೇ ಹೋಗಿ, ಅಲ್ಲಿ ನಾನು ಹೇಳಿಟ್ಟಿರುತ್ತೇನೆ ಅಂತ. ಅವತ್ತು ಹಳ್ಳ ತುಂಬಿತ್ತು. ಆಂಬುಲೆನ್ಸು ಆಚೆ ದಡದಲ್ಲಿ ನಿಂತಿತ್ತು. ಅಕ್ಕ, ಭಾವ ಮತ್ತು ಆ ಹೆಂಗಸಿನ ಗಂಡ ಸೇರಿ ಅವಳನ್ನು ಕುರ್ಚಿಯ ಮೇಲೆ ಕೂರಿಸಿ ಹೊತ್ತು ದಾಟಿಸಿದರು. ತಾಯಿ, ಕೂಸು ಎರಡೂ ಉಳಿದವು. ಮಧ್ಯಾಹ್ನ ಆಸ್ಪತ್ರೆಗೆ ನಾನು ಹೋದಾಗ ಅಕ್ಕ ಒದ್ದೆ ಸೀರೆಯಲ್ಲೇ ಬೆಂಚಿನ ಮೇಲೆ ಕೂತಿದ್ದಳು. ಹೆಣ್ಣು ಕೂಸು ಅಂದಳು. ಆವತ್ತಿನಿಂದ ಊರಿನವರು ಅವಳನ್ನು ಡಾಕ್ಟ್ರಮ್ಮ ಅಂತ ಕರೆಯತೊಡಗಿದರು. ಮೊದಮೊದಲು ತಮಾಷೆಗೆ, ಆಮೇಲೆ ನಿಜವಾಗಿಯೇ.

ಅದಾಗಿ ಒಂದು ವರ್ಷಕ್ಕೆ ಮೈಸೂರಿನ ನಮ್ಮ ಸಾಹೇಬರು ನನ್ನನ್ನು ಕರೆಸಿದರು. ದೊಡ್ಡ ಕಂಪನಿಯವರು ಮೂರು ಬಗೆಯ ನೆಟ್‌ವರ್ಕನ್ನೂ ನಡೆಸಲಾರರಂತೆ, ಒಂದನ್ನು ಮುಚ್ಚುತ್ತಾರಂತೆ. ಎಲ್ಲಿ ಯಾವುದನ್ನು ಉಳಿಸಬೇಕು, ಆಂಟೆನಾ ಎತ್ತ ತಿರುಗಿಸಬೇಕು ಅಂತ ತಿಳಿಯಲು ಒಂದು ಹೋಲಿಕೆಯ ಪಟ್ಟಿ ಬೇಕು ಅಂದರು. ಹನೂರಿನಾಚೆ ಒಳಗಿನ ಹತ್ತು ಊರು. ಪ್ರತಿ ಊರಿನೊಳಗೂ ಹೋಗಿ, ಮೂರೂ ಫೋನಿನಲ್ಲಿ ಅಳೆದು, ಹತ್ತು ಮನೆಯಲ್ಲಿ ಯಾವ ಫೋನಿದೆ ಅಂತ ಕೇಳಿ ಬರೆಯಬೇಕು. ಮೂರು ದಿನದ ಕೆಲಸ.

ಡ್ರೈವರ್ ಹನೂರಿನವರು, ವಯಸ್ಸಿನಲ್ಲಿ ನನಗಿಂತ ದೊಡ್ಡವರು. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ, ಅವರು ನನ್ನನ್ನು ಸಾ ಅನ್ನುತ್ತಿದ್ದರು. ಗೋಪಿನಾಥಂವರೆಗೂ ಅವರಿಗೆ ಗೊತ್ತಿಲ್ಲದ ದಾರಿ ಇರಲಿಲ್ಲ. ಎರಡು ದಿನದಲ್ಲಿ ಏಳು ಊರು ಮುಗಿಸಿದೆವು. ಪ್ರತಿ ಊರನ್ನೂ ಸರಿಯಾಗಿಯೇ ಅಳೆದೆ. ಮೂರನೆಯ ದಿನ ಬೆಳಗಿನಿಂದ ಮಳೆ. ಉಳಿದ ಮೂರು ಊರು ಒಂದೇ ದಾರಿಯಲ್ಲಿ ಇದ್ದವು, ಹಳ್ಳ ದಾಟಿದ ಮೇಲೆ. ಮೂರರಲ್ಲಿ ಒಂದು ಅಕ್ಕನ ಊರು.

ಹಳ್ಳದ ಹತ್ತಿರ ಕಾರು ನಿಲ್ಲಿಸಿ ಡ್ರೈವರ್ ಅಣ್ಣ ಇಳಿದು ನೋಡಿ ಬಂದರು. ಒಂದು ಗಂಟೆ ಕಾದರೆ ನೀರು ಇಳಿಯುತ್ತದೆ, ಆಮೇಲೆ ಆರಾಮಾಗಿ ಹೋಗಬಹುದು ಅಂದರು. ಅಷ್ಟರಲ್ಲಿ ಸಾಹೇಬರ ಫೋನು ಬಂತು. ಸಂಜೆಯೊಳಗೆ ಪಟ್ಟಿ ಬೇಕು ಅಂದರು. ನಾನು ಮಳೆಯ ಸಂಗತಿ ಹೇಳಿದೆ. ಮಾಡಿ ಕಳಿಸಪ್ಪ, ಹೇಗೆ ಮಾಡ್ತೀಯೋ ನನಗೆ ಗೊತ್ತಿಲ್ಲ ಅಂದರು. ಅವರು ಸುಳ್ಳು ಬರಿ ಅನ್ನಲಿಲ್ಲ. ಅಂದಿದ್ದರು ಅಂತ ನಾನು ಎಷ್ಟೋ ಸಲ ನನಗೇ ಹೇಳಿಕೊಂಡು ನಂಬಲು ನೋಡಿದ್ದೇನೆ.

ಕಾಯಬಹುದಿತ್ತು. ಕಾದು ದಾಟಿದರೆ ಅಕ್ಕನ ಮನೆಗೆ ಹೋಗಲೇಬೇಕು. ಹೋದರೆ ಅವಳು ಕೋಳಿ ಕೊಯ್ಯದೆ ಬಿಡುವುದಿಲ್ಲ, ಎರಡು ಗಂಟೆ ಅಲ್ಲೇ ಹೋಗುತ್ತದೆ ಅಂತ ಲೆಕ್ಕ ಹಾಕಿದೆ. ಆ ಊರು ನನಗೆ ಗೊತ್ತಿರುವುದೇ, ಅಳೆಯುವುದೇನು ಅಂದುಕೊಂಡೆ. ಹೇಗೂ 4ಜಿ ಬರುತ್ತದೆ, 3ಜಿ ಇದ್ದರೆಷ್ಟು ಹೋದರೆಷ್ಟು ಅಂತಲೂ ಅನ್ನಿಸಿತು. ಕಾರನ್ನು ಹಿಂದಕ್ಕೆ ತಿರುಗಿಸಲು ಹೇಳಿ, ಮುಖ್ಯರಸ್ತೆಯ ತಿರುವಿನಲ್ಲಿ, ಟವರಿನ ಬುಡದಲ್ಲಿ, ಹಿಂದಕ್ಕೂ ಮುಂದಕ್ಕೂ ಮೂರು ಸಲ ಓಡಿಸಿದೆ. 4ಜಿ ಅಚ್ಚ ಹಸಿರು. ಆ ಮೂರು ಓಟಕ್ಕೆ ಮೂರು ಊರಿನ ಹೆಸರು ಕೊಟ್ಟೆ. ಮ್ಯಾಪಿನಲ್ಲಿ ಚುಕ್ಕಿಗಳನ್ನು ಆಯಾ ಊರಿನ ಮೇಲೆ ಕೂರಿಸಲು ಐದು ನಿಮಿಷ ಸಾಕಾಯಿತು. ಷರಾ ಕಾಲಂನಲ್ಲಿ ಬರೆದೆ: ಊರಿನಲ್ಲಿ ಎಲ್ಲರದೂ ಕೀಪ್ಯಾಡ್ ಫೋನು, 3ಜಿ ಬಳಸುವವರಿಲ್ಲ, 4ಜಿ ತಲುಪುತ್ತಿದೆ.

ಡ್ರೈವರ್ ಅಣ್ಣ ಕನ್ನಡಿಯಲ್ಲಿ ನೋಡುತ್ತಿದ್ದರು.

“ನಿಮ್ಮಕ್ಕೋರ ಊರಲ್ವಾ ಸಾ ಅದು?”

“ಅದ್ಕೇ ಅಣ್ಣ. ನಂಗೆ ಗೊತ್ತಿರೋದೇ.”

ಕೌದಳ್ಳಿಯಲ್ಲಿ ಟೀಗೆ ನಿಲ್ಲಿಸಿದಾಗ ಅವರು ನನ್ನ ಜೊತೆ ಕೂರದೆ ಕಾರಿನ ಹತ್ತಿರವೇ ನಿಂತು ಕುಡಿದರು.

ನಾಲ್ಕು ತಿಂಗಳಿಗೆ ಟವರಿನಲ್ಲಿ ಕೆಲಸ ನಡೆಯಿತು. ಒಳಗಿನ ಊರುಗಳ ಕಡೆ ನೋಡುತ್ತಿದ್ದ 3ಜಿ ಆಂಟೆನಾ ಇಳಿಸಿದರು. 4ಜಿಯದನ್ನು ನಡೆದು ಹೋಗುವವರು, ಬಸ್ಸು, ಕಾರು ಓಡಾಡುವ ರಸ್ತೆಗೆ ಮುಖ ಮಾಡಿ ಕಟ್ಟಿದರು. ಒಳಗೆ ಬಳಸುವವರಿಲ್ಲ ಅಂತ ಪಟ್ಟಿಯಲ್ಲಿ ಇತ್ತಲ್ಲ. ಆ ಮಧ್ಯಾಹ್ನವೇ ಅಕ್ಕ ಫೋನು ಮಾಡಿ ತನಗೆ ಬಂದ ಮೆಸೇಜು ಓದಿದಳು. ಅಭಿನಂದನೆಗಳು, ನಿಮ್ಮ ಪ್ರದೇಶದ ನೆಟ್‌ವರ್ಕನ್ನು ಉನ್ನತ ದರ್ಜೆಗೆ ಏರಿಸಲಾಗಿದೆ. ಉನ್ನತ ದರ್ಜೆ ಅಂದರೆ ಏನು, ಬೆಳಗಿನಿಂದ ‘ಎಚ್’ ಬಂದೇ ಇಲ್ಲವಲ್ಲ ಅಂದಳು. ಫೋನು ಆಫ್ ಮಾಡಿ ಆನ್ ಮಾಡು ಅಂದೆ. ಮಾಡಿದಳು. ಎರಡು ದಿನ ನೋಡು ಅಂದೆ. ನೋಡಿದಳು. ಆ ಎರಡು ದಿನ ಏನೂ ಬದಲಾಗುವುದಿಲ್ಲ ಅಂತ ನನಗೆ ಗೊತ್ತಿತ್ತು.

ಊರಿಗೆ ಉಳಿದದ್ದು 2ಜಿ ಒಂದೇ. ಅಕ್ಕ ಸಂಸ್ಥೆಯ ಆಫೀಸಿಗೆ ಫೋನು ಮಾಡಿ ಬಾಯಲ್ಲೇ ಲೆಕ್ಕ ಹೇಳಲು ನೋಡಿದಳು. ಬಾಯಲ್ಲಿ ಹೇಳಿದ್ದು ಕಂಪ್ಯೂಟರಿಗೆ ಬರುವುದಿಲ್ಲ, ಫಾರಂನಲ್ಲೇ ಕಳಿಸಿ ಅಂದರಂತೆ. ಆಗ ಅವಳು ಊರ ಹಿಂದಿನ ಗುಡ್ಡ ಹತ್ತಿದಳು. ಲಂಟಾನ ಪೊದೆ ದಾಟಿ ಮುಕ್ಕಾಲು ಗಂಟೆ ಹತ್ತಿದರೆ ಒಂದು ಬಂಡೆ. ಅಲ್ಲಿಂದ ರಸ್ತೆ ಕಾಣುತ್ತದೆ, ಟವರು ಕಾಣುತ್ತದೆ. ವಾರಕ್ಕೆ ಎರಡು ಸಲ ಫಾರಂಗಳನ್ನು ಮನೆಯಲ್ಲೇ ತುಂಬಿ, ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಹತ್ತಿ ಹೋಗಿ ಕಳಿಸಿ ಬರುತ್ತಿದ್ದಳು. ಆನೆಯ ಭಯಕ್ಕೆ ಭಾವ ಜೊತೆಗೆ ಹೋಗುತ್ತಿದ್ದರು. ಇದನ್ನೆಲ್ಲ ಅವಳು ನನಗೆ ಫೋನಿನಲ್ಲಿ ಖುಷಿಯಿಂದ ಹೇಳಿದಳು. ಬಂಡೆ ಮೇಲೆ ಫೋಟೋ ಕಣ್ಣು ಮಿಟುಕಿಸುವುದರೊಳಗೆ ಹೋಗುತ್ತದಂತೆ. ನಾನು ಹುಷಾರು ಅಂದೆ. ಬೇರೇನು ಹೇಳಲಿ.

ಐದನೆಯ ವಾರವೋ ಆರನೆಯ ವಾರವೋ ಇಳಿಯುವಾಗ ಪಾಚಿ ಕಟ್ಟಿದ ಕಲ್ಲಿನ ಮೇಲೆ ಜಾರಿದಳು. ಭಾವ ಅವಳನ್ನು ಬೆನ್ನಮೇಲೆ ಹೊತ್ತು ಇಳಿಸಿದರು. ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು, ರಾಡು ಹಾಕಿದರು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಎರಡು ತಿಂಗಳು ಕೊಳ್ಳೇಗಾಲದ ನನ್ನ ಮನೆಯಲ್ಲಿ ಇಟ್ಟುಕೊಂಡೆ. ಅವಳು ಮಲಗಿದ್ದಾಗಲೇ ಸಂಸ್ಥೆಯ ಕಾಗದ ಬಂತು. ಆ ಮೂರು ಊರುಗಳಿಂದ ಮಾಹಿತಿ ಸರಿಯಾಗಿ ಬರುತ್ತಿಲ್ಲವಾದ್ದರಿಂದ ಅಲ್ಲಿ ಕೆಲಸ ನಿಲ್ಲಿಸುತ್ತಿದ್ದೇವೆ, ಫೋನು ಮತ್ತು ಬಿಪಿ ಮೆಷಿನ್ ಹಿಂದಿರುಗಿಸಿ ಅಂತ. ಅಕ್ಕ ಫೋನಿನ ಪರದೆಯನ್ನು ಸೆರಗಿನಿಂದ ಒರೆಸಿ, ಮೆಷಿನ್ನಿನ ಪಟ್ಟಿಯನ್ನು ಸುತ್ತಿ ಡಬ್ಬದೊಳಗಿಟ್ಟು ಕೊಟ್ಟಳು. ನಾನೇ ಸಂಸ್ಥೆಯ ಹನೂರಿನ ಆಫೀಸಿಗೆ ಹೋಗಿ ಒಪ್ಪಿಸಿ ಬಂದೆ. ತೆಗೆದುಕೊಂಡ ಹುಡುಗಿ ಡಬ್ಬ ತೆರೆದು ನೋಡಿ, ಹೊಸದರ ಹಾಗೇ ಇದೆ ಅಂದಳು.

ಅದಾದ ಮೇಲೆ ಒಂದು ಭಾನುವಾರ ನಾನು ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ಅಕ್ಕ ವಾಕರ್ ಹಿಡಿದುಕೊಂಡು ಮೆಲ್ಲಗೆ ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. ತನ್ನ ಊರು ಇದರಲ್ಲಿ ಎಲ್ಲಿದೆ ತೋರಿಸು ಅಂದಳು. ಬೇಡ ಅನ್ನಲು ನನಗೊಂದು ಕಾರಣ ಹೊಳೆಯಲಿಲ್ಲ. ತೋರಿಸಿದೆ. ತನ್ನ ಬೀದಿ, ಮನೆ, ಹುಲ್ಲಿನ ಮೆದೆಯ ಜಾಗ ಎಲ್ಲದರ ಮೇಲೂ ಚುಕ್ಕಿ ಇತ್ತು.

“ಹಸ್ರು ಅಂದ್ರೆ ಏನ್ಲಾ?”

“ಚೆನ್ನಾಗಿ ಸಿಗ್ತದೆ ಅಂತ.”

“ನಮ್ಮೂರಲ್ಲಿ ಸಿಗ್ತದಾ?”

ನಾನು ಲ್ಯಾಪ್‌ಟಾಪ್ ಮುಚ್ಚಲು ಹೋದೆ.

“ನೀನ್ ಬಂದಿದ್ಯಾ ಅವತ್ತು ನಮ್ಮೂರ್ಗೆ?”

ಆಗ ಎಲ್ಲವನ್ನೂ ಹೇಳಿದೆ. ಮಳೆ, ಸಾಹೇಬರ ಫೋನು, ರಸ್ತೆಯ ತಿರುವಿನಲ್ಲಿ ಓಡಿಸಿದ್ದು, ಷರಾ ಕಾಲಂನಲ್ಲಿ ಬರೆದದ್ದು. ಬೈಯುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದೆ. ಎಲ್ಲ ಕೇಳಿದ ಮೇಲೆ ಒಂದೇ ಕೇಳಿದಳು.

“ಹಳ್ಳದಲ್ಲಿ ಎಷ್ಟ್ ನೀರಿತ್ತು?”

“ಮೊಣಕಾಲುದ್ದ ಇದ್ದಿರ್ಬೋದು.”

“ಸೊಂಟ್ ಮಟ ನೀರಲ್ಲಿ ಬಸ್ರೀನ ಹೊತ್ಕಂಡ್ ದಾಟಿದ್ವಿ ಕಣ್ಲಾ ನಾವು,” ಅಂದಳು.

ಎದ್ದು, ವಾಕರ್ ಸರಿಮಾಡಿಕೊಂಡು ಒಳಗೆ ಹೋದಳು. ಮಾರನೆಯ ದಿನ ಭಾವನಿಗೆ ಫೋನು ಮಾಡಿ ಕರೆಸಿಕೊಂಡಳು. ಇನ್ನೂ ಹದಿನೈದು ದಿನ ಇರಬೇಕು ಅಂತ ಡಾಕ್ಟರು ಹೇಳಿದ್ದರೂ ಹೊರಟಳು. ನನ್ನ ಹೆಂಡತಿ ಏನಾಯಿತು ಅಂತ ಕೇಳಿದಾಗ, ರಾಗಿ ಕೊಯ್ಲು ಇದೆಯಂತೆ ಅಂದೆ.

ಅಕ್ಕ ಹೋದ ವಾರವೇ ರಜೆ ಹಾಕಿ, ಬೈಕಿನಲ್ಲಿ ಆ ಮೂರೂ ಊರಿಗೆ ಹೋದೆ. ಅವಳ ಮನೆಗೆ ಹೋಗಲಿಲ್ಲ. ಬೀದಿಬೀದಿಯಲ್ಲಿ ನಡೆದು ಅಳೆದೆ. ಊರಿಗೆ ಹತ್ತು ಮನೆಯಂತೆ ಕೇಳಿದೆ. ಹತ್ತಕ್ಕೆ ಆರು ಮನೆಯಲ್ಲಿ ಟಚ್ ಫೋನು ಇದ್ದವು. ಮೂಲೆಯಲ್ಲಿ ‘ಇ’ ತೋರಿಸುತ್ತಾ ಮಾತಿಗೆ ಮಾತ್ರ ಆಗುತ್ತಿದ್ದವು. ಲ್ಯಾಪ್‌ಟಾಪಿನಲ್ಲಿ 4ಜಿಯ ಚುಕ್ಕಿ ಒಂದೂ ಬೀಳಲಿಲ್ಲ. ಆ ಪಟ್ಟಿಯನ್ನು ಮೈಸೂರಿಗೆ ಕೊಂಡೊಯ್ದು ಸಾಹೇಬರ ಮುಂದಿಟ್ಟೆ. ಅವರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

“ಎರಡೂ ನಿನ್ನ ಸಹಿಯದೇ. ಯಾವುದನ್ನ ಸುಳ್ಳು ಅಂತ ಹೇಳ್ಲಿ ನಾನು?”

ಮೊದಲನೆಯದು ಸುಳ್ಳು ಅಂದೆ. ಹಾಗಾದರೆ ಕಂಪನಿಗೆ ಅದನ್ನು ಬರೆದು ಕೊಡು, ನಾನು ಮುಂದಕ್ಕೆ ಕಳಿಸುತ್ತೇನೆ, ಆದರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಅಂದರು. ಗಟ್ಟಿ ದನಿ ಮಾಡಲಿಲ್ಲ, ಟೀ ಕೂಡ ತರಿಸಿದರು. ಯೋಚಿಸಿ ಹೇಳುತ್ತೇನೆ ಅಂತ ಟೀ ಕುಡಿದು ಬಂದೆ. ಬರೆದುಕೊಡಲಿಲ್ಲ. ಹನ್ನೊಂದು ತಿಂಗಳು ಬಾಯಿ ಮುಚ್ಚಿಕೊಂಡು ಅದೇ ಕೆಲಸ ಮಾಡಿದೆ. ಆಮೇಲೆ ಕೆಲಸವೇ ಹೋಯಿತು. ಈಗ ಜನರ ಕೈಲಿರುವ ಫೋನುಗಳೇ ಎಲ್ಲಿ ಎಷ್ಟು ಸಿಗ್ನಲ್ ಇದೆ ಅಂತ ಕಂಪನಿಗೆ ತಿಳಿಸುತ್ತವೆ, ಕಾರಿನಲ್ಲಿ ತಿರುಗುವವನು ಬೇಡವಂತೆ. 4ಜಿ ಇಲ್ಲದ ಊರಿನ ಫೋನು ಏನನ್ನು ಹೇಗೆ ತಿಳಿಸುತ್ತದೆ ಅಂತ ನಾನು ಕೇಳಲಿಲ್ಲ. ಕೇಳುವ ಯೋಗ್ಯತೆ ನನಗೆ ಉಳಿದಿರಲಿಲ್ಲ.

ಈಗ ಕೊಳ್ಳೇಗಾಲದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸಣ್ಣ ಅಂಗಡಿ. ಡಿಸ್‌ಪ್ಲೇ ಹಾಕುತ್ತೇನೆ, ಸಿಮ್ ಮಾರುತ್ತೇನೆ. ಬೆಟ್ಟದಲ್ಲಿ 5ಜಿ ಬಂದಿದೆ. ಬೆಟ್ಟಕ್ಕೆ ಹೋಗುವವರು ದಾರಿಯಲ್ಲಿ ಇಳಿದು, ಮೇಲಿಂದ ಮನೆಯವರಿಗೆ ವೀಡಿಯೊ ಕಾಲ್ ಮಾಡಲು ಯಾವ ಪ್ಯಾಕು ಒಳ್ಳೆಯದು ಅಂತ ಕೇಳುತ್ತಾರೆ. ಹೇಳಿ ಹಾಕಿಕೊಡುತ್ತೇನೆ. ಅಕ್ಕನ ಊರಿಗೆ ಇನ್ನೂ 2ಜಿಯೇ. ಅದನ್ನೂ ತೆಗೆಯುತ್ತಾರೆ ಅಂತ ಮಾತಿದೆ.

ಅಕ್ಕ ಮಾತು ಬಿಟ್ಟಿಲ್ಲ. ಹಬ್ಬಕ್ಕೆ ಕರೆಯುತ್ತಾಳೆ, ಮಳೆ ಬಂತಾ ಅಂತ ಕೇಳುತ್ತಾಳೆ, ಹೆಂಡತಿ ಮಕ್ಕಳನ್ನು ವಿಚಾರಿಸುತ್ತಾಳೆ. ಮೊದಲು ಪ್ರತಿ ಸಲವೂ ನನ್ನ ಕೆಲಸದ ಬಗ್ಗೆ ಏನಾದರೂ ಕೇಳುತ್ತಿದ್ದವಳು ಈಗ ಕೇಳುವುದಿಲ್ಲ.

ಹೋದ ತಿಂಗಳು ಹೋಗಿದ್ದೆ. ನಡೆಯುವಾಗ ಎಡಕ್ಕೆ ವಾಲುತ್ತಾಳೆ. ಮುದ್ದೆ, ಉಪ್ಸಾರು ಮಾಡಿದ್ದಳು. ನಾನು ಊಟಕ್ಕೆ ಕೂತಿದ್ದಾಗ ಒಬ್ಬಳು ಬಸುರಿ ಜಗುಲಿಗೆ ಬಂದು ಕೂತಳು, ಕಾಲು ತೋರಿಸಲು. ಮೆಷಿನ್ ಇಲ್ಲ, ಸಂಸ್ಥೆಯ ಫೋನೂ ಇಲ್ಲ. ಅಕ್ಕ ಕಷ್ಟಪಟ್ಟು ಬಾಗಿ ಅವಳ ಪಾದದ ಮೇಲೆ ಹೆಬ್ಬೆರಳು ಒತ್ತಿ, ತೆಗೆದು, ಗುಳಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ನೋಡಿದಳು. ನಾಳೆ ಮೊದಲ ಬಸ್ಸಿಗೇ ಹನೂರಿಗೆ ಹೋಗು, ತಡ ಮಾಡಬೇಡ ಅಂದಳು. ಫೋನಲ್ಲಿ ನೋಡುತ್ತಿದ್ದ ಡಾಕ್ಟರು ಈಗ ನೋಡುವುದಿಲ್ಲವಾ ಅಂತ ಆ ಬಸುರಿ ಕೇಳಿದಳು. ಹೊಸದಾಗಿ ಮದುವೆಯಾಗಿ ಬಂದವಳು, ಯಾರೋ ಹೇಳಿದ್ದನ್ನು ಕೇಳಿದ್ದಳು.

“ಆ ಡಾಕ್ಟ್ರಿಗೆ ನಮ್ಮೂರು ಕಾಣಾಕಿಲ್ಲ ಕಣವ್ವ,” ಅಂದಳು ಅಕ್ಕ.

ನನ್ನ ಕಡೆ ನೋಡಲಿಲ್ಲ. ಆ ಹೆಂಗಸು ಹೋದ ಮೇಲೆ ಒಳಗೆ ಬಂದು, ಸಾರು ಬಿಡಲೇ ಅಂತ ಕೇಳಿದಳು. ಸಾಕು ಅಂದೆ. ನಾಲ್ಕು ಗಂಟೆಯ ಬಸ್ಸಿಗೆ ವಾಪಸ್ಸು ಬಂದೆ.